ಹೋಗಿ ಬರುತ್ತೇನೆ

‘ದೇಶ ಸುತ್ತು, ಕೋಶ ಓದು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಲೋಕಜ್ಞಾನಕ್ಕೆ ಎರಡು ಬಾಗಿಲುಗಳುಂಟು, ಒಂದು ಪ್ರವಾಸ, ಮತ್ತೊಂದು ಗ್ರಂಥ ಎಂಬುದು ಈ ಮಾತಿನ ಅಭಿಪ್ರಾಯ. ಆದರೆ ದೇಶ ಸುತ್ತುವವರಲ್ಲಿಯೂ ಎರಡು ಬಗೆಯವರಿದ್ದಾರೆ. ಗುಡಿಗೋಪುರಗಳನ್ನು ಕಂಡು, ಅರಮನೆಗಳ ಮುಂದೆ ನಿಂತು ಚಿತ್ರ ತೆಗೆಸಿಕೊಂಡು, ರಾತ್ರಿ ವಸತಿಗೃಹದಲ್ಲಿ ಮಲಗಿ, ಬೆಳಗಾಗುತ್ತಲೇ ಮುಂದಿನ ಊರಿಗೆ ಹೊರಡುವವರು ಮೊದಲನೆಯ ಬಗೆಯವರು. ಅವರು ಊರನ್ನು ಕಾಣುತ್ತಾರೆ, ಊರಿನವರನ್ನು ಕಾಣುವುದಿಲ್ಲ. ಗುರುತಿಲ್ಲದವರ ಮನೆಯ ಹೊಸ್ತಿಲು ದಾಟಿ, ಅವರು ಉಣ್ಣುವುದನ್ನೇ ಉಂಡು, ಅವರು ಮಲಗುವ ನೆಲದ ಮೇಲೆಯೇ ಮಲಗಿ, ಅವರ ಮಕ್ಕಳೊಡನೆ ನಕ್ಕು ಬರುವವರು ಎರಡನೆಯ ಬಗೆಯವರು. ಇವರು ಕಂಡದ್ದು ಕಡಿಮೆಯಿರಬಹುದು, ಆದರೆ ಕಂಡದ್ದು ಬೇಗ ಮರೆಯುವುದಿಲ್ಲ.

ವಿದ್ಯಾರ್ಥಿಗಳು ಪರದೇಶಕ್ಕೆ ಹೋಗಿ ಅಲ್ಲಿನ ಕುಟುಂಬಗಳಲ್ಲಿ ಕೆಲವು ದಿನ ಇದ್ದು ಬರುವ ಪದ್ಧತಿಗೆ ‘ಹೋಂ ಸ್ಟೇ’ ಎಂಬ ಹೆಸರು ಬಂದಿದೆ. ಈಗ ಕೊಡಗಿನಲ್ಲಿಯೂ ಮಲೆನಾಡಿನಲ್ಲಿಯೂ ಹಣ ಕೊಟ್ಟು ತಂಗುವ ಮನೆಗಳಿಗೆ ಇದೇ ಹೆಸರಿದೆ. ನಾನು ಹೇಳಹೊರಟಿರುವುದು ಅದನ್ನಲ್ಲ. ಹಣದ ಮಾತಿಲ್ಲದೆ, ಮನೆಯ ಮಗನಂತೆ ಅಥವಾ ಮಗಳಂತೆ ಇರುವ ವಾಸವನ್ನು. ಅದನ್ನು ನಾವು ಕನ್ನಡದಲ್ಲಿ ‘ಮನೆವಾಸ’ ಎಂದು ಕರೆಯೋಣ.

ಮನೆವಾಸದ ಕಲ್ಪನೆಯ ಹಿಂದೆ ಯುದ್ಧದ ನೋವಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸ್ ದೇಶದ ರಣರಂಗಗಳಲ್ಲಿ ಗಾಯಾಳುಗಳನ್ನು ಬಂಡಿಗಳಲ್ಲಿ ಹೊತ್ತು ಆಸ್ಪತ್ರೆಗೆ ಸಾಗಿಸಿದ ಅಮೆರಿಕದ ಸ್ವಯಂಸೇವಕರ ಒಂದು ಸಂಸ್ಥೆಯಿತ್ತು. ‘ಅಮೆರಿಕನ್ ಫೀಲ್ಡ್ ಸರ್ವಿಸ್’ ಎಂಬುದು ಅದರ ಹೆಸರು. ಎರಡನೆಯ ಮಹಾಯುದ್ಧದಲ್ಲಿಯೂ ಅವರು ಅದೇ ಕೆಲಸವನ್ನು ಮಾಡಿದರು. ಗಾಯವಾದ ಮೇಲೆ ಹೊತ್ತು ಸಾಗಿಸುವುದಕ್ಕಿಂತ ಗಾಯವೇ ಆಗದಂತೆ ಮಾಡುವ ದಾರಿ ಯಾವುದು ಎಂದು ಅವರು ಯೋಚಿಸಿದರು. ಒಂದು ದೇಶದ ಮಕ್ಕಳು ಮತ್ತೊಂದು ದೇಶದ ಮನೆಗಳಲ್ಲಿ ಬೆಳೆದರೆ ಮುಂದೆ ಆ ಮನೆಗಳ ಮೇಲೆ ಬಾಂಬು ಹಾಕಲು ಕೈ ಬರಲಾರದು ಎಂದು ಅವರಿಗೆ ತೋರಿತು. 1947ರಲ್ಲಿ ಹತ್ತು ದೇಶಗಳ ವಿದ್ಯಾರ್ಥಿಗಳನ್ನು ಅಮೆರಿಕದ ಕುಟುಂಬಗಳಲ್ಲಿ ಇರಿಸಿ ಅವರು ಈ ಪ್ರಯೋಗವನ್ನು ಆರಂಭಿಸಿದರು. ಇದಕ್ಕೂ ಮೊದಲೇ, 1932ರಲ್ಲಿ, ಡೊನಾಲ್ಡ್ ವಾಟ್ ಎಂಬ ಅಮೆರಿಕನ್ನರು ತಮ್ಮ ದೇಶದ ತರುಣರ ಗುಂಪೊಂದನ್ನು ಯುರೋಪಿಗೆ ಕರೆದೊಯ್ದು, ಅಲ್ಲಿನ ತರುಣರೊಡನೆ ಕೂಡಿ ಬಾಳುವುದನ್ನು ಕಲಿಸಲು ತೊಡಗಿದ್ದರು. ಒಟ್ಟಿಗೆ ಬಾಳುವುದನ್ನು ಒಟ್ಟಿಗೆ ಬಾಳಿಯೇ ಕಲಿಯಬೇಕು, ಉಪನ್ಯಾಸ ಕೇಳಿ ಅಲ್ಲ ಎಂಬುದು ಇವರೆಲ್ಲರ ನಂಬಿಕೆ.

ಏಷ್ಯಾ ಖಂಡದಲ್ಲಿ ಈ ದಿಸೆಯಲ್ಲಿ ನಡೆದ ದೊಡ್ಡ ಪ್ರಯತ್ನಗಳಲ್ಲಿ ಒಂದು ಜಪಾನ್ ಸರ್ಕಾರದ್ದು. 2007ರಲ್ಲಿ ಅದು ‘ಜೆನೆಸಿಸ್’ ಎಂಬ ಯೋಜನೆಯನ್ನು ಕೈಗೊಂಡು, ಪೂರ್ವ ಏಷ್ಯಾ ಶೃಂಗಸಭೆಗೆ ಸೇರಿದ ದೇಶಗಳಿಂದ ವರ್ಷಕ್ಕೆ ಸುಮಾರು 6,000 ಯುವಜನರನ್ನು ಐದು ವರ್ಷಗಳ ಕಾಲ ತನ್ನಲ್ಲಿಗೆ ಕರೆಸಿಕೊಳ್ಳುವ ಸಂಕಲ್ಪ ಮಾಡಿತು. ಮುಂದೆಯೂ ಅದು ಬೇರೆ ಬೇರೆ ರೂಪಗಳಲ್ಲಿ ಮುಂದುವರಿಯಿತು. ಭಾರತದ ಪ್ರೌಢಶಾಲಾ ವಿದ್ಯಾರ್ಥಿಗಳಿಗೂ ಇದರಲ್ಲಿ ಅವಕಾಶವಿತ್ತು. 2009ರ ಮೇ ತಿಂಗಳಿನಲ್ಲಿ ಅಂಥದೊಂದು ತಂಡದ ಜೊತೆಗೆ ಉಪಾಧ್ಯಾಯನಾಗಿ ಹೋಗುವ ಸುಯೋಗ ನನಗೆ ಒದಗಿತು. ನಾನು ಆನಗೋಡಿನವನು. ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಹೋಗುವ ಹೆದ್ದಾರಿಯ ಮೇಲೆ ಸಿಗುವ ಊರು ಅದು. ನಮ್ಮ ಸುತ್ತಿನ ರೈತರು ಮಳೆಯನ್ನು ನಂಬಿ ಮೆಕ್ಕೆಜೋಳ ಬೆಳೆಯುವವರು. ನಾನಿದ್ದ ತಂಡದಲ್ಲಿ ನಾನು ಪಾಠ ಹೇಳಿದ ಇಬ್ಬರು ಹುಡುಗರೂ ಇದ್ದರು. ಒಬ್ಬನು ನಮ್ಮೂರಿನವನೇ. ಹೊಲಮನೆಯುಳ್ಳ ಕುಟುಂಬದವನು, ದಿನವೂ ಬಸ್ಸಿನಲ್ಲಿ ದಾವಣಗೆರೆಯ ಶಾಲೆಗೆ ಬರುತ್ತಿದ್ದನು. ಮತ್ತೊಬ್ಬನು ದಾವಣಗೆರೆಯವನು, ಅವನ ತಂದೆ ಮಂಡಕ್ಕಿ ಭಟ್ಟಿಯಲ್ಲಿ ಕೂಲಿ ಮಾಡುತ್ತಿದ್ದರು. ಇಬ್ಬರೂ ಒಂದೇ ತರಗತಿಯವರು, ಇಬ್ಬರೂ ಜಾಣರು. ಆದರೆ ಶಾಲೆಯ ಗಂಟೆ ಹೊಡೆದ ಮೇಲೆ ಇಬ್ಬರ ದಾರಿಯೂ ಬೇರೆಯಾಗುತ್ತಿತ್ತು.

ಜಪಾನ್ ಕನ್ನಡಿಗರಿಗೆ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಷ್ಟು ಹಿಂದೆಯೇ ಆ ದೇಶಕ್ಕೆ ಹೋಗಿ, ಅಲ್ಲಿನ ಶಿಕ್ಷಣವನ್ನೂ ಕೈಗಾರಿಕೆಗಳನ್ನೂ ಕಣ್ಣಾರೆ ಕಂಡು ಬಂದಿದ್ದರು. ಅವರು ಹಡಗಿನಲ್ಲಿ ಹೋದರೆ ನಾವು ವಿಮಾನದಲ್ಲಿ ಹೋದೆವು. ಅಲ್ಲಿ ಇಳಿದು ಗಡಿಯಾರವನ್ನು ಮೂರೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಂಡೆವು. ಟೋಕಿಯೋ ನಗರದ ಎತ್ತರದ ಕಟ್ಟಡಗಳನ್ನು ಹುಡುಗರು ಬಾಯಿ ತೆರೆದು ನೋಡಿದರು. 1964ರಿಂದ ಓಡುತ್ತಿರುವ ‘ಶಿಂಕಾನ್‌ಸೆನ್’ ಎಂಬ ವೇಗದ ರೈಲನ್ನು ಹತ್ತಿದಾಗ, ಹೊರಗಿನ ಗದ್ದೆಗಳು ಒಂದೇ ಹಸಿರು ಗೆರೆಯಾಗಿ ಹಿಂದೆ ಸರಿದವು.

ಆ ರೈಲು ನಮ್ಮನ್ನು ಹಿರೋಷಿಮಾಕ್ಕೆ ಕರೆದೊಯ್ದಿತು. 1945ರ ಆಗಸ್ಟ್ 6ರಂದು ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಆ ನಗರದ ಮೇಲೆ ಅಣುಬಾಂಬು ಬಿದ್ದಿತು. ಆ ವರ್ಷ ಮುಗಿಯುವ ಹೊತ್ತಿಗೆ ಸುಮಾರು 1,40,000 ಜನರು ಸತ್ತಿದ್ದರು. ಅಲ್ಲಿನ ಶಾಂತಿ ಉದ್ಯಾನದಲ್ಲಿ ಮಕ್ಕಳ ಸ್ಮಾರಕವೊಂದಿದೆ. ಬಾಂಬು ಬಿದ್ದಾಗ ಸದಾಕೊ ಸಸಾಕಿ ಎಂಬ ಬಾಲಕಿಗೆ ಎರಡು ವರ್ಷ. ಹೊರಗೆ ಯಾವ ಗಾಯವೂ ಇಲ್ಲದೆ ಬೆಳೆದ ಅವಳಿಗೆ ಮುಂದೆ ರಕ್ತದ ಕ್ಯಾನ್ಸರ್ ಕಾಣಿಸಿತು. ಕಾಗದದಲ್ಲಿ ಸಾವಿರ ಕೊಕ್ಕರೆಗಳನ್ನು ಮಡಿಸಿದರೆ ಕೋರಿಕೆ ಈಡೇರುತ್ತದೆ ಎಂಬ ನಂಬಿಕೆಯಿಂದ ಅವಳು ಆಸ್ಪತ್ರೆಯ ಹಾಸಿಗೆಯಲ್ಲಿ ಕೊಕ್ಕರೆಗಳನ್ನು ಮಡಿಸುತ್ತಿದ್ದಳು. 1955ರಲ್ಲಿ, ತನ್ನ ಹನ್ನೆರಡನೆಯ ವಯಸ್ಸಿನಲ್ಲಿ, ತೀರಿಕೊಂಡಳು. ಅವಳ ಸಹಪಾಠಿಗಳು ಮುಂದೆ ನಿಂತು, ದೇಶದ ಶಾಲಾಮಕ್ಕಳಿಂದ ಹಣ ಕೂಡಿಸಿ, 1958ರಲ್ಲಿ ಈ ಸ್ಮಾರಕವನ್ನು ನಿಲ್ಲಿಸಿದರು. ಲೋಕದ ನಾನಾ ಕಡೆಗಳ ಮಕ್ಕಳು ಕಳುಹಿಸಿದ ಕಾಗದದ ಕೊಕ್ಕರೆಗಳು ಅಲ್ಲಿ ರಾಶಿರಾಶಿಯಾಗಿ ತೂಗುತ್ತಿವೆ. ಅಲ್ಲಿಯವರೆಗೆ ಗಲಾಟೆ ಮಾಡುತ್ತಿದ್ದ ನಮ್ಮ ಹುಡುಗರು ಆ ಸಂಜೆ ಊಟಕ್ಕೆ ಕುಳಿತಾಗಲೂ ಹೆಚ್ಚು ಮಾತನಾಡಲಿಲ್ಲ.

ಅಲ್ಲಿಂದ ನಾರಾ ನಗರಕ್ಕೆ ಬಂದೆವು. ಎಂಟನೆಯ ಶತಮಾನದಲ್ಲಿ ಅದು ಜಪಾನಿನ ರಾಜಧಾನಿ. ಅಲ್ಲಿನ ತೋದಾಯ್‌ಜಿ ದೇವಾಲಯದಲ್ಲಿ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧನಿದ್ದಾನೆ. 752ರಲ್ಲಿ ಈ ಮೂರ್ತಿಗೆ ಕಣ್ಣು ಬರೆದು ಪ್ರತಿಷ್ಠೆ ನೆರವೇರಿಸಿದವನು ಭಾರತದಿಂದ ಚೀನಾ ಮಾರ್ಗವಾಗಿ 736ರಲ್ಲಿ ಜಪಾನಿಗೆ ಬಂದಿದ್ದ ಬೋಧಿಸೇನನೆಂಬ ಭಿಕ್ಷು. ನಮ್ಮಲ್ಲಿ ಶಿಲ್ಪಿಯು ವಿಗ್ರಹಕ್ಕೆ ನೇತ್ರೋನ್ಮೀಲನ ಮಾಡುತ್ತಾನಲ್ಲವೆ, ಅದೇ ಸಂಸ್ಕಾರ. ಅವನ ಕೈಯಲ್ಲಿದ್ದ ಕುಂಚಕ್ಕೆ ಉದ್ದವಾದ ದಾರವನ್ನು ಕಟ್ಟಿದ್ದರಂತೆ. ನೆರೆದವರು ಆ ದಾರವನ್ನು ಹಿಡಿದುಕೊಂಡು, ಕಣ್ಣು ಬರೆದ ಪುಣ್ಯದಲ್ಲಿ ತಾವೂ ಪಾಲುಗಾರರಾದರು. ಆ ಕುಂಚ ಮತ್ತು ದಾರ ಇಂದಿಗೂ ಅಲ್ಲಿನ ಭಂಡಾರದಲ್ಲಿ ಸುರಕ್ಷಿತವಾಗಿವೆ. ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮ ನಾಡಿನವನೊಬ್ಬನು ಈ ಊರಿನ ಅತಿಥಿಯಾಗಿದ್ದನೆಂದು ಕೇಳಿ ಹುಡುಗರ ಮುಖ ಅರಳಿತು.

ಮರುದಿನ ಒಂದು ಶಾಲೆಯ ಭೇಟಿ. ಅಲ್ಲಿನ ಮಕ್ಕಳು ಬಾಗಿಲಲ್ಲಿ ಹೊರಗಿನ ಬೂಟುಗಳನ್ನು ಬಿಚ್ಚಿಟ್ಟು ಒಳಗಿನ ಬೂಟುಗಳನ್ನು ಹಾಕಿಕೊಳ್ಳುತ್ತಾರೆ. ತರಗತಿಯನ್ನೂ ಮೊಗಸಾಲೆಯನ್ನೂ ತಾವೇ ಗುಡಿಸಿ ಒರೆಸುತ್ತಾರೆ. ಶ್ರೀಮಂತರ ಮಗ, ಬಡವರ ಮಗ ಎಂಬ ಎಣಿಕೆ ಅಲ್ಲಿಲ್ಲ. ಪಾಳಿ ಬಂದವನು ಅರಿವೆ ಹಿಡಿಯಲೇಬೇಕು. ಮಧ್ಯಾಹ್ನ ಸಭೆ ಸೇರಿತು. ನಮ್ಮವರು ಕೋಲಾಟವಾಡಿದರು, ಅವರು ‘ತೈಕೊ’ ಎಂಬ ದೊಡ್ಡ ಮದ್ದಳೆಯನ್ನು ಬಾರಿಸಿದರು. ಅದರ ಮೊಳಗನ್ನು ಕೇಳಿ ನನಗೆ ನಮ್ಮ ಕಡೆಯ ಡೊಳ್ಳು ನೆನಪಾಯಿತು.

ಇಷ್ಟರವರೆಗೆ ನಾವು ನೋಡುವವರಾಗಿದ್ದೆವು. ಅಂದು ಸಂಜೆಯಿಂದ ಮನೆವಾಸ ಆರಂಭವಾಯಿತು. ನಾರಾ ಪ್ರಾಂತದ ಒಂದು ಹಳ್ಳಿಯ ಸಭಾಭವನದಲ್ಲಿ ಆತಿಥೇಯರು ಕಾದಿದ್ದರು. ಇಬ್ಬಿಬ್ಬರಂತೆ ಹುಡುಗರನ್ನು ಹಂಚಿದರು. ಪಟ್ಟಿಯಲ್ಲಿ ಹೆಸರು ಅಕ್ಕಪಕ್ಕದಲ್ಲಿದ್ದುದರಿಂದ ನಮ್ಮ ಶಾಲೆಯ ಇಬ್ಬರಿಗೂ ಒಂದೇ ಮನೆ ಬಂದಿತು. ಚಿಕ್ಕವರೆಂದು ನನ್ನನ್ನೂ ಅದೇ ಮನೆಗೆ ಕಳುಹಿಸಿದರು. ಆ ಮನೆಯಲ್ಲಿ ಯಜಮಾನ, ಯಜಮಾನಿ, ನಮ್ಮ ಹುಡುಗರ ವಯಸ್ಸಿನ ಮಗಳು ಮತ್ತು ಎಪ್ಪತ್ತು ದಾಟಿದ ಅಜ್ಜಿ ಇದ್ದರು. ಯಜಮಾನರು ವಾರದ ದಿನಗಳಲ್ಲಿ ಕಚೇರಿಗೆ ಹೋಗಿ, ರಜೆಯಲ್ಲಿ ಬೇಸಾಯ ಮಾಡುವವರು.

ಅತಿಥಿ ಎಂದರೆ ತಿಥಿ ತಿಳಿಸದೆ ಬರುವವನು ಎಂದು ನಮ್ಮಲ್ಲಿ ಅರ್ಥ ಹೇಳುತ್ತಾರೆ. ನಾವು ತಿಥಿ ಗೊತ್ತಿದ್ದು ಬಂದ ಅತಿಥಿಗಳು. ಆದ್ದರಿಂದ ಅವರು ಬಹಳ ಯೋಚಿಸಿ ಸಿದ್ಧರಾಗಿದ್ದರು. ನಮ್ಮೂರಿನ ಹುಡುಗನು ಮೀನು ಮಾಂಸ ತಿನ್ನುವವನಲ್ಲ. ಜಪಾನಿನಲ್ಲಿ ಸಾರಿನ ಕಟ್ಟನ್ನು ಸಾಮಾನ್ಯವಾಗಿ ಒಣಮೀನಿನಿಂದ ತೆಗೆಯುತ್ತಾರೆ. ಅಜ್ಜಿ ಅವನಿಗಾಗಿ ಕಡಲ ಪಾಚಿ ಮತ್ತು ಅಣಬೆಗಳನ್ನು ನೆನೆಸಿ ಕಟ್ಟು ತೆಗೆದು ಸಾರು ಮಾಡಿದ್ದರು. ಅವನೊಬ್ಬನಿಗೆಂದು ಬೇರೆ ಮಾಡದೆ ಮನೆಮಂದಿಯೆಲ್ಲ ಅದನ್ನೇ ಉಂಡರು. ಬೇರೆ ಪಂಕ್ತಿ ಮಾಡದೆ ಬೇರೆ ರುಚಿಯನ್ನು ಗೌರವಿಸುವ ಬಗೆಯನ್ನು ನಾನು ಆ ದಿನ ಕಂಡೆ.

ಊಟಕ್ಕೆ ಮೊದಲು ಸ್ನಾನ. ಆಳವಾದ ತೊಟ್ಟಿಯಲ್ಲಿ ಬಿಸಿನೀರು ತುಂಬಿರುತ್ತದೆ. ಹೊರಗೆ ಕುಳಿತು, ಸಣ್ಣ ಬೋಗುಣಿಯಿಂದ ನೀರು ಹೊಯ್ದುಕೊಂಡು, ಸೋಪು ಹಚ್ಚಿ ಮೈ ತೊಳೆದು, ಶುಚಿಯಾದ ಮೇಲೆ ತೊಟ್ಟಿಗೆ ಇಳಿದು ಮೈ ಕಾಯಿಸಿಕೊಳ್ಳಬೇಕು. ಬೇರೊಂದು ಮನೆಯಲ್ಲಿದ್ದ ಪಟ್ಟಣದ ಹುಡುಗನೊಬ್ಬ ಇದನ್ನರಿಯದೆ ತೊಟ್ಟಿಯೊಳಗೇ ಕುಳಿತು ಸೋಪು ಹಚ್ಚಿಕೊಂಡು ನೀರನ್ನೆಲ್ಲ ನೊರೆಯಾಗಿಸಿದನಂತೆ. ನಮ್ಮ ಹುಡುಗರು ತಪ್ಪಲಿಲ್ಲ. ಮನೆಯಲ್ಲಿ ಹಂಡೆಯಿಂದ ಚೊಂಬಿನಲ್ಲಿ ನೀರು ತೆಗೆದು ಹೊಯ್ದುಕೊಳ್ಳುವವರು ಹಂಡೆಯೊಳಕ್ಕೆ ಇಳಿಯುತ್ತಾರೆಯೆ? ಮೊದಲ ಸ್ನಾನದ ಗೌರವ ಅತಿಥಿಗಳಿಗೆ. ಇಬ್ಬರು ಹುಡುಗರ ಸ್ನಾನವಾದ ಮೇಲೆ ಅದೇ ತೊಟ್ಟಿಯ ಅದೇ ನೀರಿನಲ್ಲಿ ಯಜಮಾನರು, ಅಜ್ಜಿ, ಯಜಮಾನಿ, ಮಗಳು ಒಬ್ಬೊಬ್ಬರಾಗಿ ಸ್ನಾನ ಮುಗಿಸಿದರು. ಈ ಸಂಗತಿಯನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಊಟವಾದ ಮೇಲೆ ಹುಡುಗರು ತಾವು ತಂದ ಕಾಣಿಕೆಗಳನ್ನು ಬಿಚ್ಚಿದರು. ನಮ್ಮೂರಿನವನು ಹರಿಹರದ ಹರಿಹರೇಶ್ವರನ ಚಿತ್ರಪಟವನ್ನು ಕೊಟ್ಟನು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಆ ದೇವಾಲಯದಲ್ಲಿ ಒಂದೇ ವಿಗ್ರಹದ ಒಂದು ಭಾಗ ಹರಿ, ಮತ್ತೊಂದು ಭಾಗ ಹರ. ಅದನ್ನು ಹುಡುಗನು ತನಗೆ ಬಂದ ಇಂಗ್ಲಿಷಿನಲ್ಲಿ ವಿವರಿಸಿದಾಗ ಯಜಮಾನರು ನಕ್ಕು, ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಮೇಲೆ ಶಿಂತೊ ಧರ್ಮದ ದೇವರ ಹಲಗೆಯಿತ್ತು, ಪಕ್ಕದ ಕೋಣೆಯಲ್ಲಿ ಬುದ್ಧನ ಪೀಠವಿತ್ತು. ಒಂದೇ ಮನೆಗೆ ಎರಡು ಧರ್ಮ. ನಮ್ಮದು ಅವರಿಗೆ, ಅವರದು ನಮಗೆ ಥಟ್ಟನೆ ತಿಳಿಯಿತು.

ದಾವಣಗೆರೆಯ ಹುಡುಗನು ಮಾತ್ರ ತನ್ನ ಚೀಲವನ್ನು ಬಿಚ್ಚಲು ಹಿಂಜರಿದನು. ತಾಯಿ ಅದರಲ್ಲಿ ಮಂಡಕ್ಕಿಯನ್ನು ತುಂಬಿ ಕಳುಹಿಸಿದ್ದಳು. ಇಷ್ಟು ದೂರ ಬಂದು ಮಂಡಕ್ಕಿ ಕೊಡುವುದೆ ಎಂಬ ನಾಚಿಕೆ ಅವನದು. ನಾನು ಕಣ್ಣಿನಲ್ಲಿಯೇ ‘ಕೊಡು’ ಎಂದೆ. ಅಜ್ಜಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡವರು ಥಟ್ಟನೆ ನೆಟ್ಟಗೆ ಕುಳಿತು, ಮೊಮ್ಮಗಳಿಗೆ ಏನೇನೋ ಹೇಳತೊಡಗಿದರು. ಅವರ ಎಳೆಯ ದಿನಗಳಲ್ಲಿ, ಯುದ್ಧ ಮುಗಿದು ಅನ್ನಕ್ಕೆ ತತ್ವಾರವಿದ್ದ ಕಾಲದಲ್ಲಿ, ಒಬ್ಬನು ಯಂತ್ರ ಹೊತ್ತು ಕೇರಿಗೆ ಬರುತ್ತಿದ್ದನಂತೆ. ಮನೆಯಿಂದ ಒಂದು ಹಿಡಿ ಅಕ್ಕಿ ಒಯ್ದು ಕೊಟ್ಟರೆ ‘ಢಂ’ ಎಂದು ಸದ್ದು ಮಾಡಿ ಅದನ್ನು ಅರಳಿಸಿ ಕೊಡುತ್ತಿದ್ದನಂತೆ. ‘ಪೊನ್‌ಗಾಶಿ’ ಎಂಬುದು ಅದರ ಹೆಸರು. ಅಜ್ಜಿಯ ಕಣ್ಣಿನಲ್ಲಿ ನೀರು ಆಡುತ್ತಿತ್ತು. ನಿಮ್ಮ ಊರಿನಲ್ಲಿ ಇದನ್ನು ಹೇಗೆ ಮಾಡುತ್ತಾರೆ ಎಂದು ಕೇಳಿದರು.

ಆಗ ಆ ಹುಡುಗನ ಬಾಯಿ ತೆರೆಯಿತು. ಭತ್ತವನ್ನು ನೆನೆಸಿ ಬೇಯಿಸುವುದು, ಒಣಗಿಸಿ ಹೊಟ್ಟು ತೆಗೆಯುವುದು, ಆ ಅಕ್ಕಿಗೆ ಉಪ್ಪುನೀರು ಹಿಡಿಸುವುದು, ಒಲೆಯ ಮೇಲೆ ಕಾದು ಕೆಂಪಾದ ಮರಳಿಗೆ ಅದನ್ನು ಸುರಿದು ಕಣ್ಣುಮುಚ್ಚಿ ತೆರೆಯುವುದರೊಳಗೆ ಜರಡಿ ಹಿಡಿಯುವುದು, ಇದನ್ನೆಲ್ಲ ಕೈಸನ್ನೆಯಿಂದ ಮಾಡಿ ತೋರಿಸಿದನು. ‘ಒಂದು ಗಳಿಗೆ ತಡವಾದರೂ ಕರಿ ಆಗ್ತೈತ್ರಿ’ ಎಂದು ಉತ್ಸಾಹದಲ್ಲಿ ಕನ್ನಡದಲ್ಲಿಯೇ ಹೇಳಿಬಿಟ್ಟನು. ಎಲ್ಲರೂ ನಕ್ಕರು. ಬೆಂಕಿಯ ಮುಂದೆ ನಿಂತು ಈ ಕೆಲಸ ಮಾಡುವವರು ಯಾರು ಎಂದು ಯಜಮಾನರು ಕೇಳಿದರು. ಹುಡುಗನು ಒಂದು ಕ್ಷಣ ಸುಮ್ಮನಿದ್ದು, ‘ನಮ್ಮ ತಂದೆ’ ಎಂದನು. ಯಜಮಾನರು ಕುಳಿತಲ್ಲಿಂದಲೇ ತಲೆಬಾಗಿದರು. ಆ ದೇಶದಲ್ಲಿ ಅದು ಗೌರವದ ಗುರುತು. ಪಕ್ಕದಲ್ಲಿದ್ದ ನಮ್ಮೂರಿನ ಹುಡುಗನು ತನ್ನ ಗೆಳೆಯನನ್ನು ಹೊಸಬನನ್ನು ನೋಡುವಂತೆ ನೋಡುತ್ತಿದ್ದನು.

ಮರುದಿನ ಗದ್ದೆಯಲ್ಲಿ ನಾಟಿ. ಜಪಾನಿನಲ್ಲಿ ಯಂತ್ರವೇ ಸಸಿ ನೆಡುತ್ತದೆ, ಆದರೆ ಯಂತ್ರ ತಿರುಗಲಾರದ ಮೂಲೆಗಳಲ್ಲಿ ಕೈಯಿಂದಲೇ ನೆಡಬೇಕು. ನಮ್ಮೂರಿನವನಿಗೆ ಭದ್ರಾ ನಾಲೆಯ ನೀರಿನ ಸೀಮೆಯಲ್ಲಿರುವ ಸೋದರಮಾವನ ಮನೆಯಲ್ಲಿ ನಾಟಿ ಮಾಡಿ ಅಭ್ಯಾಸವಿತ್ತು. ಬಾಗಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಅವನು ನೆಟ್ಟ ಸಾಲನ್ನು ಕಂಡು ಅಜ್ಜಿ ಚಪ್ಪಾಳೆ ತಟ್ಟಿದರು. ಪಟ್ಟಣದವನಾದ ಅವನ ಗೆಳೆಯನಿಗೆ ಭತ್ತವನ್ನು ಅರಳಿಸಲು ಗೊತ್ತಿತ್ತೇ ಹೊರತು ನೆಡಲು ಗೊತ್ತಿರಲಿಲ್ಲ. ಅವನಿಗೆ ಇವನೇ ಗುರುವಾದನು. ಸಂಜೆಯ ಹೊತ್ತಿಗೆ ಇಬ್ಬರ ಮೈಯೂ ಕೆಸರು, ಯಾರು ಯಾರೆಂದು ಗುರುತು ಸಿಗದಷ್ಟು.

ಆ ಮನೆಯಲ್ಲಿ ನಾನು ಕಲಿತ ಒಂದು ಮಾತು ನನಗೆ ಬಹಳ ಪ್ರಿಯವಾಯಿತು. ಮಗಳು ಶಾಲೆಗೆ ಹೊರಡುವಾಗ ಬಾಗಿಲಲ್ಲಿ ನಿಂತು ‘ಇತ್ತೆಕಿಮಾಸು’ ಎನ್ನುತ್ತಿದ್ದಳು. ಒಳಗಿನಿಂದ ಅಜ್ಜಿ ‘ಇತ್ತೆರಾಶ್ಶಾಯ್’ ಎನ್ನುತ್ತಿದ್ದರು. ಅರ್ಥ ಕೇಳಿದೆ. ‘ಹೋಗಿ ಬರುತ್ತೇನೆ’, ‘ಹೋಗಿ ಬಾ’. ನಮ್ಮಲ್ಲಿ ಯಾರಾದರೂ ಮನೆಯಿಂದ ಹೊರಡುವಾಗ ಬರಿದೆ ‘ಹೋಗುತ್ತೇನೆ’ ಎಂದರೆ ಹಿರಿಯರು ಒಪ್ಪುತ್ತಾರೆಯೆ? ‘ಹಂಗನ್ನಬ್ಯಾಡ, ಹೋಗಿ ಬರ್ತೀನಿ ಅನ್ನು’ ಎಂದು ತಿದ್ದುತ್ತಾರೆ. ಕಡಲಾಚೆಯ ಜನವೂ ಇದೇ ಮಾತನ್ನು ಇದೇ ಬಾಗಿಲಲ್ಲಿ ನಿಂತು ಹೇಳುತ್ತಾರೆಂಬುದು ಯಾವ ಪ್ರೇಕ್ಷಣೀಯ ಸ್ಥಳದಲ್ಲಿಯೂ ತಿಳಿಯುವ ಸಂಗತಿಯಲ್ಲ. ಮೂರನೆಯ ದಿನ ನಾವು ಹೊರಟಾಗ ಹುಡುಗರಿಬ್ಬರೂ ಕೈಮುಗಿದು ‘ಇತ್ತೆಕಿಮಾಸು’ ಎಂದರು. ಅಜ್ಜಿ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಬೀಸುತ್ತಿದ್ದರು.

ಬೆಂಗಳೂರಿಗೆ ಬಂದಿಳಿದು ದಾವಣಗೆರೆಯ ರೈಲು ಹತ್ತಿದೆವು. ರಾತ್ರಿ ಬಹಳ ಹೊತ್ತು ನಮ್ಮೂರಿನ ಹುಡುಗನು ಕಿಟಕಿಯ ಪಕ್ಕದಲ್ಲಿ ಎಚ್ಚರವಾಗಿಯೇ ಕುಳಿತಿದ್ದನು. ಮೇಲಿನ ಹಲಗೆಯಲ್ಲಿ ಅವನ ಗೆಳೆಯ ನಿದ್ರಿಸುತ್ತಿದ್ದನು. ‘ಸಾರ್, ನಾವಿಬ್ರೂ ಎರಡು ವರ್ಷದಿಂದ ಒಂದೇ ಕ್ಲಾಸಿನಾಗೆ ಅದೀವಿ. ಆರು ಸಾವಿರ ಕಿಲೋಮೀಟರ್ ದೂರ ಹೋಗಿ ಒಂದೇ ಮನ್ಯಾಗೆ ಉಂಡ್ವಿ, ಒಂದೇ ಕೋಣ್ಯಾಗೆ ಮಲಗಿದ್ವಿ. ಇವನ ಮನಿ ನಮ್ಮ ಶಾಲೆಯಿಂದ ಎರಡು ಕಿಲೋಮೀಟರ್ ಐತಿ. ನಾನು ಒಂದಿನಾನೂ ಹೋಗಿಲ್ಲ. ಅವನೂ ನಮ್ಮನಿಗೆ ಬಂದಿಲ್ಲ’ ಎಂದನು. ನಾನು ಏನೂ ಹೇಳಲಿಲ್ಲ. ಕೆಲವು ಪ್ರಶ್ನೆಗಳಿಗೆ ಉಪಾಧ್ಯಾಯನು ಉತ್ತರ ಹೇಳಬಾರದು. ಉತ್ತರವನ್ನು ವಿದ್ಯಾರ್ಥಿಯೇ ಮಾಡಿ ತೋರಿಸಬೇಕು.

ಅವನು ಮಾಡಿ ತೋರಿಸಿದನು. ಮುಂದಿನ ತಿಂಗಳ ಕಾರಹುಣ್ಣಿಮೆಗೆ ಗೆಳೆಯನನ್ನು ಮನೆಗೆ ಕರೆದನು. ನೆರೆಯವನಾದ ನನಗೂ ಕರೆಯಿತ್ತು. ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿ ಮೆರೆಸಿದ ಮೇಲೆ ಹೋಳಿಗೆಯ ಊಟ. ಮನೆಯ ಅಜ್ಜಿ ಕೆಟ್ಟವರಲ್ಲ, ಹಸಿದು ಬಂದವರನ್ನು ಎಂದೂ ಬರಿಗೈಯಲ್ಲಿ ಕಳುಹಿಸಿದವರಲ್ಲ. ಆದರೆ ಬಂದ ಹುಡುಗ ಯಾರ ಪೈಕಿ ಎಂದು ವಿಚಾರಿಸಿಕೊಂಡು, ನಮ್ಮೆಲ್ಲರ ತಟ್ಟೆಗಳನ್ನು ಪಡಸಾಲೆಯಲ್ಲಿ ಇರಿಸಿ, ಅವನ ತಟ್ಟೆಯನ್ನು ಹೊರಜಗಲಿಯ ಮೇಲೆ ಇರಿಸಿದರು. ಹುಡುಗನು ಮಾತಿಲ್ಲದೆ ಜಗಲಿಯ ಮೇಲೆ ಕುಳಿತನು. ಇಂಥದು ಅವನಿಗೆ ಹೊಸದಾಗಿರಲಿಲ್ಲವೆಂದು ಅವನು ಕುಳಿತ ರೀತಿಯೇ ಹೇಳುತ್ತಿತ್ತು.

ಮೊಮ್ಮಗನು ತನ್ನ ತಟ್ಟೆಯನ್ನೆತ್ತಿಕೊಂಡು ಹೊರಗೆ ಹೋಗಿ ಗೆಳೆಯನ ಪಕ್ಕದಲ್ಲಿ ಕುಳಿತನು. ನಾನೂ ಎದ್ದು ಹೋಗಿ ಅಲ್ಲಿಯೇ ಕುಳಿತೆ. ಅಜ್ಜಿ ಬಾಗಿಲಿಗೆ ಬಂದು, ‘ಯಾಕಪ್ಪಾ, ಒಳಗ ಬಡಿಸೀನಲ್ಲ’ ಎಂದರು. ಮೊಮ್ಮಗನ ದನಿಯಲ್ಲಿ ಸಿಟ್ಟಿರಲಿಲ್ಲ. ‘ಅಜ್ಜಿ, ಅಲ್ಲಿ ಆ ಮನೆಯವರು ನಮ್ಮ ಜಾತಿ ಕೇಳಲಿಲ್ಲ. ಮೊದಲು ನಮ್ಮಿಬ್ಬರಿಗೂ ಸ್ನಾನಕ್ಕೆ ಬಿಟ್ರು. ಆಮೇಲೆ ಅದೇ ನೀರಿನಾಗೆ ಅವರ ಅಜ್ಜಿ ಸ್ನಾನ ಮಾಡಿದ್ರು’ ಎಂದನು. ಅಜ್ಜಿ ಬಾಗಿಲ ಚೌಕಟ್ಟನ್ನು ಹಿಡಿದು ಸ್ವಲ್ಪ ಹೊತ್ತು ನಿಂತೇ ಇದ್ದರು. ಬಳಿಕ ಒಳಗೆ ಹೋಗಿ ತುಪ್ಪದ ಗಿಂಡಿಯನ್ನು ತಂದು, ಮೊದಲು ಅತಿಥಿಯ ಹೋಳಿಗೆಗೆ ತುಪ್ಪ ಹಾಕಿ, ‘ಮಂಡಕ್ಕಿ ಭಟ್ಟಿ ಎಲ್ಲೈತಪ್ಪಾ ನಿಮ್ಮದು?’ ಎಂದು ಕೇಳಿದರು. ಅಂದು ಅವರು ಅವನನ್ನು ಒಳಗೆ ಕರೆಯಲಿಲ್ಲ. ಮರುವರ್ಷದ ಕಾರಹುಣ್ಣಿಮೆಗೆ ಮಾತ್ರ ಎಲ್ಲ ತಟ್ಟೆಗಳೂ ಪಡಸಾಲೆಯಲ್ಲಿಯೇ ಇದ್ದವು. ಅದರ ಬಗ್ಗೆ ಯಾರೂ ಮಾತೆತ್ತಲಿಲ್ಲ.

ಈ ನಡುವೆ ನಮ್ಮೂರಿನ ಹುಡುಗನು ಗೆಳೆಯನ ಮನೆಗೂ ಹೋಗಿಬಂದಿದ್ದನು. ಭಟ್ಟಿಯ ಬೆಂಕಿಯ ಮುಂದೆ ಒಂದು ಗಳಿಗೆ ನಿಲ್ಲಲೂ ತನ್ನಿಂದಾಗಲಿಲ್ಲವೆಂದೂ, ಗೆಳೆಯನ ತಂದೆ ಬೆಳಗಿನ ಜಾವದಿಂದ ಅಲ್ಲಿಯೇ ನಿಂತಿರುತ್ತಾರೆಂದೂ ನನಗೆ ಹೇಳಿದನು. ದಿನವೂ ನಾಲ್ಕು ಕಾಸಿಗೆ ಕೊಂಡು ತಿನ್ನುತ್ತಿದ್ದ ಮಂಡಕ್ಕಿಯ ಹಿಂದೆ ಒಬ್ಬ ಮನುಷ್ಯನಿದ್ದಾನೆಂದು ಅವನಿಗೆ ತಿಳಿದದ್ದು ಆಗ.

ಜಪಾನಿನಲ್ಲಿ ಎಲ್ಲವೂ ಒಳ್ಳೆಯದು, ನಮ್ಮಲ್ಲಿ ಎಲ್ಲವೂ ಕೆಟ್ಟದ್ದು ಎಂದು ಇದರಿಂದ ಯಾರೂ ಭಾವಿಸಬಾರದು. ಚರ್ಮದ ಕೆಲಸ ಮಾಡುವವರನ್ನೂ ಪ್ರಾಣಿಗಳನ್ನು ಕಡಿಯುವವರನ್ನೂ ಶತಮಾನಗಳ ಕಾಲ ದೂರವಿರಿಸಿದ ಸಮಾಜ ಅದು. 1871ರಲ್ಲಿ ಅಲ್ಲಿನ ಸರ್ಕಾರ ಆ ಭೇದವನ್ನು ಕಾನೂನಿನಿಂದ ತೆಗೆದುಹಾಕಿತಾದರೂ, ಮದುವೆಯಲ್ಲಿಯೂ ಉದ್ಯೋಗದಲ್ಲಿಯೂ ಅದರ ನೆರಳು ಬಹುಕಾಲ ಉಳಿಯಿತು. ನಮ್ಮಲ್ಲಿ ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಯಾಣದ ಶರಣರು ಕುಲಭೇದವನ್ನು ಅಲ್ಲಗಳೆದರು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಮಹಾತ್ಮರ ಮಾತಿಗೂ ಕಾನೂನಿಗೂ ಅವುಗಳ ಬೆಲೆಯಿದೆ. ಆದರೆ ಪಡಸಾಲೆಯಲ್ಲಿ ಯಾರ ತಟ್ಟೆ ಎಲ್ಲಿ ಎಂಬುದನ್ನು ನಿರ್ಧರಿಸುವವರು ಮನೆಯವರು. ಅಲ್ಲಿಗೆ ಬದಲಾವಣೆಯನ್ನು ಒಯ್ಯಲು ಬಲ್ಲವರು ಆ ಮನೆಯ ಮಕ್ಕಳೇ.

ಪರದೇಶಕ್ಕೆ ಹೋಗುವ ಅವಕಾಶ ಎಲ್ಲ ವಿದ್ಯಾರ್ಥಿಗಳಿಗೂ ದೊರೆಯಲಾರದು. ಅದಕ್ಕೆ ಹಣ ಬೇಕು, ಇಲ್ಲವೆ ಆಯ್ಕೆಯ ಅದೃಷ್ಟ ಬೇಕು. ಆದರೆ ಮನೆವಾಸಕ್ಕೆ ವಿಮಾನವೇ ಬೇಕೆಂದೇನೂ ಇಲ್ಲ. ಬಯಲುಸೀಮೆಯ ಹುಡುಗನು ರಜೆಯಲ್ಲಿ ಎಂಟು ದಿನ ಮಲೆನಾಡಿನ ಗೆಳೆಯನ ಮನೆಯಲ್ಲಿದ್ದು ಅಡಕೆ ಸುಲಿಯುವುದನ್ನು ಕಲಿಯಬಹುದು. ಕರಾವಳಿಯ ಹುಡುಗಿ ದಾವಣಗೆರೆಗೆ ಬಂದು ರೊಟ್ಟಿ ಬಡಿಯುವ ಸದ್ದನ್ನು ಕೇಳಬಹುದು. ಅದೂ ಆಗದಿದ್ದರೆ ನಿಮ್ಮ ಬೆಂಚಿನ ಮೇಲೆ ನಿಮ್ಮ ಪಕ್ಕದಲ್ಲಿ ಕುಳಿತಿರುವ ಗೆಳೆಯನ ಮನೆಯಿದೆ. ಅವನ ತಾಯಿ ಏನು ಅಡುಗೆ ಮಾಡುತ್ತಾಳೆ, ಅವನ ತಂದೆ ಯಾವ ಕೆಲಸದಿಂದ ಅವನನ್ನು ಓದಿಸುತ್ತಿದ್ದಾನೆ, ಆ ಮನೆಯ ದೇವರು ಯಾರು ಎಂಬುದು ನಿಮಗೆ ಗೊತ್ತಿದೆಯೆ? ಗೊತ್ತಿಲ್ಲದಿದ್ದರೆ ಈ ಭಾನುವಾರವೇ ನಿಮ್ಮ ಮನೆಯ ಬಾಗಿಲಲ್ಲಿ ನಿಂತು ‘ಹೋಗಿ ಬರುತ್ತೇನೆ’ ಎಂದು ಹೇಳಿ ಹೊರಡಿ. ಬರುವಾಗ ಅವನನ್ನೂ ನಿಮ್ಮ ಮನೆಗೆ ಕರೆದುಕೊಂಡು ಬನ್ನಿ.